ಇಟ್ಟಿಗೆ ಬಣ್ಣದ ಅಂಗಿ

ಸ್ಟೂಲು ಹತ್ತಿದರೆ ಕನ್ನಡಿಯಲ್ಲಿ ಸೊಂಟ ಕಾಣುತ್ತಿತ್ತು, ತಲೆ ಮಾಯವಾಗುತ್ತಿತ್ತು. ಕೆಳಗಿಳಿದರೆ ತಲೆ ಬರುತ್ತಿತ್ತು, ಸೊಂಟ ಹೋಗುತ್ತಿತ್ತು. ಬಚ್ಚಲುಮನೆಯ ಬೇಸಿನ್ನಿನ ಮೇಲೆ ಮೊಳೆ ಹೊಡೆದು ನೇತುಹಾಕಿದ್ದ ಆ ಪುಟ್ಟ ಕನ್ನಡಿ ಬಿಟ್ಟರೆ ಮನೆಯಲ್ಲಿ ಬೇರೆ ಕನ್ನಡಿ ಇರಲಿಲ್ಲ. ಬೇಕೆಂದು ಇಷ್ಟು ವರ್ಷ ಅನ್ನಿಸಿರಲೂ ಇಲ್ಲ. ತಿಳಿನೀಲಿ ಅಂಗಿ ತೊಟ್ಟು ಅವಳು ಮತ್ತೊಮ್ಮೆ ಸ್ಟೂಲು ಹತ್ತುವಾಗ ಹೊರಗಿನಿಂದ ಗಂಡ ಬಾಗಿಲು ಬಡಿದ.

“ಎಷ್ಟು ಸಲ ಹತ್ತಿ ಇಳಿಯೋದು ಮಹರಾಯ್ತಿ? ನನ್ನ ಬಸ್ಸಿಗೂ ಜನ ಇಷ್ಟು ಹತ್ತಿ ಇಳಿಯಲ್ಲ.”

“ಸೋಮವಾರಕ್ಕೆ ಏನು ಹಾಕ್ಕೊಳ್ಳಲಿ ಅಂತ ನೋಡ್ತಿದೀನಿ.”

“ಬೀರು ತುಂಬ ಬಟ್ಟೆ ಇದೆಯಲ್ಲ, ಯಾವುದೋ ಒಂದು ಹಾಕ್ಕೊಂಡು ಹೋಗು.” ಸ್ವಲ್ಪ ತಡೆದು ಸೇರಿಸಿದ, “ಡ್ರೈವರ್ರಿಗೆ ಯೂನಿಫಾರಂ ಬೇಡ ಅಂತ ನಂಗೇನಾದ್ರೂ ಹೇಳಿದ್ರೆ ನಾನಂತೂ ರಜಾ ಹಾಕಿ ಮಲಗಿಬಿಡ್ತಿದ್ದೆ.”

ಅವಳಿಗೆ ನಗು ಬಂತು. ನಕ್ಕ ಮುಖ ಕನ್ನಡಿಯಲ್ಲಿ ಕಾಣಲಿಲ್ಲ, ಸ್ಟೂಲಿನ ಮೇಲಿದ್ದಳಲ್ಲ. ತಲೆಯಿಲ್ಲದ ತಿಳಿನೀಲಿ ಅಂಗಿಯೊಂದು ಎದುರಿಗೆ ನಿಂತಿತ್ತು. ಅದು ಅಕ್ಕನಂತೆಯೇ ಇತ್ತು.

ಕನ್ನಡಕದ ಅಂಗಡಿಯಲ್ಲಿ ಅವಳು ಹನ್ನೆರಡು ವರ್ಷ ಬೂದು ಬಣ್ಣದ ಕೋಟಿನಲ್ಲಿ ಕಳೆದಿದ್ದಳು. ದೊಡ್ಡ ಯಜಮಾನರ ಕಟ್ಟಳೆ ಅದು. ಈಗ ಅಂಗಡಿ ನೋಡಿಕೊಳ್ಳುತ್ತಿರುವುದು ಅವರ ಮಗ. ಈ ಹೊತ್ತು ಮಧ್ಯಾಹ್ನ ಅವನು ಎಲ್ಲರನ್ನೂ ಕರೆದು, “ಈ ಕೋಟು ನೋಡಿದ್ರೆ ಜನಕ್ಕೆ ಆಸ್ಪತ್ರೆಗೆ ಬಂದಂಗಾಗುತ್ತೆ. ಸೋಮವಾರದಿಂದ ಬೇಡ. ನಿಮ್ಮ ನಿಮ್ಮ ಸ್ಟೈಲಲ್ಲಿ ಬನ್ನಿ” ಅಂದಿದ್ದ. ಒಳಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜಿ ಆಕಾರಕ್ಕೆ ತರುವ ಮುದುಕನನ್ನು ಎಲ್ಲರೂ ಪೌಡರ್ ಎಂದೇ ಕರೆಯುವುದು. ಹುಬ್ಬಿನವರೆಗೂ ಬಿಳಿ ಧೂಳು ಮೆತ್ತಿಕೊಂಡಿದ್ದ ಅವನು, “ನನ್ನ ಸ್ಟೈಲು ಇದೇ ಸ್ವಾಮಿ, ಒರೆಸಿದರೂ ಹೋಗಲ್ಲ” ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಚಪ್ಪಲಿಗೆ ಸಿಕ್ಕಿದ ಕಲ್ಲಿನ ಚೂರಿನಂತೆ ಒತ್ತುತ್ತಲೇ ಇತ್ತು. ನಿಮ್ಮ ನಿಮ್ಮ ಸ್ಟೈಲು.

ಬೀರು ತುಂಬ ಬಟ್ಟೆಯಿದ್ದದ್ದು ನಿಜ. ಎಲ್ಲವೂ ಅಕ್ಕನವು. ಮದುವೆಯಾದಾಗಿನಿಂದ ಅಕ್ಕ ಎರಡು ಚೀಲ ತುಂಬ ತಾನು ತೊಟ್ಟು ಬಿಟ್ಟ ಒಳ್ಳೊಳ್ಳೆಯ ಬಟ್ಟೆ ತಂದುಕೊಡುತ್ತಿದ್ದಳು, ತಪ್ಪದೆ, ವರ್ಷಾ ವರ್ಷ. ತಿಳಿನೀಲಿ, ತಿಳಿಹಸಿರು, ಹಾಲಿಗೆ ಅರಿಶಿನ ಬೆರೆಸಿದಂಥ ಹಳದಿ. ಕೋಟಿನೊಳಗೆ ಇವು ಯಾರಿಗೂ ಕಾಣುತ್ತಿರಲಿಲ್ಲ. ತನಗೂ ಕಂಡಿರಲಿಲ್ಲವೆಂದು ಈಗ ಹೊಳೆಯಿತು. ಕೋಟು ತೆಗೆದರೆ ಒಳಗೆ ಯಾರಿರುತ್ತಾರೆ? ಅಕ್ಕ ಇರುತ್ತಾಳೆ, ಸ್ವಲ್ಪ ಕುಳ್ಳಗೆ, ಸ್ವಲ್ಪ ಕಪ್ಪಗೆ. ಹಾಗಾದರೆ ನಾನೆಲ್ಲಿ ಎಂದು ಕೇಳಿಕೊಂಡು, ನಲವತ್ತೇಳನೆಯ ವಯಸ್ಸಿನಲ್ಲಿ ಇದೆಂಥ ಪ್ರಶ್ನೆಯೆಂದು ನಾಚಿದಳು. ಆದರೂ ಪ್ರಶ್ನೆ ಹೋಗಲಿಲ್ಲ. ಸೋಮವಾರ ಒಂದೇ ಒಂದು ಬಟ್ಟೆಯಾದರೂ ತಾನೇ ಆರಿಸಿಕೊಂಡದ್ದು ಮೈಮೇಲಿರಬೇಕು ಅನ್ನಿಸಿತು.

ಹೊಸ ಬಟ್ಟೆಯ ಮಾತೇ ಇರಲಿಲ್ಲ. ಆ ತಿಂಗಳು ಅಡುಗೆಮನೆಯ ನೀರಿನ ಪೈಪು ಒಡೆದು ಗೋಡೆ ಅಗೆಸಿದ್ದರು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವಳು ಹಳೇ ಬಟ್ಟೆಯ ಅಂಗಡಿಗೆ ಹೋದಳು. ಬಾಗಿಲ ಬಳಿ ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗಳಿಗೆ ಹಾಕುತ್ತ ಕೂತಿದ್ದ ಅಂಗಡಿಯಾಕೆ ತಲೆಯೆತ್ತದೆ ಕೇಳಿದಳು.

“ಯಾರಿಗಮ್ಮಾ?”

“ನಂಗೇ.”

“ನಿಮಗೆ ಎಂಥದ್ದು ಇಷ್ಟ?”

ಇದೇ ಪ್ರಶ್ನೆಯನ್ನು ಅವಳು ದಿನವೂ ಗಿರಾಕಿಗಳಿಗೆ ಕೇಳುತ್ತಾಳೆ. ಉತ್ತರಕ್ಕೆ ತಡವರಿಸುವವರನ್ನು ಕಂಡು ಒಳಗೊಳಗೇ ಬೇಸರಪಟ್ಟುಕೊಂಡದ್ದೂ ಉಂಟು.

“ಗೊತ್ತಿಲ್ಲ” ಅಂದಳು ಕೊನೆಗೆ.

“ಹಾಗಾದ್ರೆ ನಿಧಾನಕ್ಕೆ ನೋಡಿ. ಇಲ್ಲಿ ಎಲ್ಲಾರ ಇಷ್ಟನೂ ಇದೆ. ಎಲ್ಲಾರೂ ಬೇಡ ಅಂದಿದ್ದೂ ಇದೆ.”

ಕೈ ತಾನಾಗಿ ತಿಳಿನೀಲಿಯ ಕಡೆಗೇ ಹೋಯಿತು. ಅವಳು ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. ಗಿರಾಕಿಗಳು ಯಾವಾಗಲೂ ಮೊದಲು ಎತ್ತಿಕೊಳ್ಳುವುದು ತಮ್ಮ ಹಳೇ ಕನ್ನಡಕದಂಥದನ್ನೇ. ಅದನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿ ಬೇರೆಯದನ್ನು ಮೂಗಿಗೇರಿಸುವುದೇ ಅವಳ ಕಸುಬು. ಸರಿ, ತಾನೂ ಒಬ್ಬಳು ಗಿರಾಕಿ ಅಂದುಕೊಂಡಳು. ಒಂದೊಂದೇ ಅಂಗಿ ತೆಗೆದು, ಕಂಬಕ್ಕೆ ಸಿಕ್ಕಿಸಿದ್ದ ಕನ್ನಡಿಯ ಮುಂದೆ ಕುತ್ತಿಗೆಗೆ ಹಿಡಿದು, ಮುಖ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಗದ್ದ ಎತ್ತಿ ನೋಡಿದಳು. ಹಸಿರು ಮುಖವನ್ನು ನುಂಗಿತು. ಕಪ್ಪು ವಯಸ್ಸು ಕೂಡಿಸಿತು. ಕೊನೆಯ ಸಾಲಿನಲ್ಲಿದ್ದ ಇಟ್ಟಿಗೆ ಬಣ್ಣದ, ಅಗಲ ಕಾಲರಿನ ಅಂಗಿಯನ್ನು ಕುತ್ತಿಗೆಗೆ ಹಿಡಿದಾಗ ಯಾರೋ ಕೋಣೆಯ ಪರದೆ ಸರಿಸಿದ ಹಾಗಾಯಿತು. ಕಣ್ಣಿನ ಕೆಳಗಿನ ಕಪ್ಪು ಅಲ್ಲಿಯೇ ಇತ್ತು, ಆದರೆ ಅದೂ ಮುಖಕ್ಕೆ ಸೇರಿದ್ದು ಅನ್ನಿಸಿತು.

“ಇದು” ಅಂದಳು. ದನಿ ಸ್ವಲ್ಪ ಜೋರಾಯಿತು.

ಅಂಗಡಿಯಾಕೆ ಈಗ ತಲೆಯೆತ್ತಿದಳು. “ಮೈಗೆ ಹಿಡಿದು ನೋಡಲ್ವಾ?”

“ಬೇಡ. ಮುಖಕ್ಕೆ ಸರಿಹೋಯ್ತು.”

“ಮುಖಕ್ಕಾ? ಬಟ್ಟೆ ತಾನೇ ನೀವು ತಗೊಳ್ತಿರೋದು?” ಅಂದು ಆಕೆ ನಕ್ಕು, ಕಾಗದದಲ್ಲಿ ಸುತ್ತಿಕೊಟ್ಟಳು.

ಮನೆಯಲ್ಲಿ ತೊಟ್ಟರೆ ಅಂಗಿ ಮೊಣಕಾಲು ದಾಟಿ ಇಳಿಯಿತು, ಭುಜ ಜೋತುಬಿತ್ತು, ತೋಳು ಬೆರಳಿನ ತುದಿ ಮುಟ್ಟಿತು. ಹನ್ನೆರಡು ವರ್ಷ ಕುತ್ತಿಗೆಯಿಂದ ಮೇಲಕ್ಕಷ್ಟೇ ಜನರನ್ನು ನೋಡಿದವಳು ಬೇರೇನು ಮಾಡಿಯಾಳು! ಆದರೂ ಅವಳು ಬಿಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಮನೆ ಗುಡಿಸಿದಳು. ಗಂಡ ಒಂದು ಸಲ ನೋಡಿ, “ಪರವಾಗಿಲ್ವೇ” ಅಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಹನ್ನೊಂದರ ಹೊತ್ತಿಗೆ ಅಕ್ಕ ಬಂದಳು, ಕೈಯಲ್ಲಿ ಚೀಲ. ಬಾಗಿಲಲ್ಲೇ ನಿಂತುಬಿಟ್ಟಳು.

“ಇದೆಲ್ಲಿ ಸಿಕ್ತೇ ನಿಂಗೆ?”

“ತಗೊಂಡೆ. ನಾನೇ ಆರಿಸಿದ್ದು. ಹೇಗಿದೆ?”

ಅಕ್ಕ ಹತ್ತಿರ ಬಂದು, ಅವಳ ಎಡಗೈ ಎತ್ತಿಸಿ, ಕಂಕುಳ ಕೆಳಗಿನ ಹೊಲಿಗೆಯನ್ನು ಬೆರಳಿನಿಂದ ತಡವಿದಳು. ಅಲ್ಲಿ ಮಾತ್ರ ಕಪ್ಪು ದಾರದಲ್ಲಿ ಸಣ್ಣ ಸಣ್ಣ ಕೈಹೊಲಿಗೆ ಇತ್ತು.

“ಇದು ನಂದು ಕಣೇ” ಅಂದಳು. “ತಂದಾಗಲೇ ಹೊಲಿಗೆ ಬಿಟ್ಟಿತ್ತು, ಈ ಬಣ್ಣದ ದಾರ ಸಿಗಲಿಲ್ಲ ಅಂತ ಕಪ್ಪಲ್ಲೇ ಹಾಕಿದ್ದೆ. ಹೋದ ತಿಂಗಳು ಹಳೇ ಬಟ್ಟೆ ಅಂಗಡಿಗೆ ಕೊಟ್ಟುಬಂದೆ.”

ಅವಳು ಕುರ್ಚಿಯ ಮೇಲೆ ಕೂತಳು. ಊರಿನವರೆಲ್ಲ ಬಿಟ್ಟುಹೋದ ಬಟ್ಟೆಗಳ ರಾಶಿಯಲ್ಲಿ ಹುಡುಕಿ ಹುಡುಕಿ ಅಕ್ಕನದನ್ನೇ ಎತ್ತಿಕೊಂಡು, ಅದನ್ನೇ ತಾನು ಎಂದು ತಿಳಿದು ಹಿಗ್ಗಿದ್ದಳು. ಎಲ್ಲಿ ಹೋದರೂ ತಿರುಗಿ ಅದೇ ಬಾಗಿಲಿಗೆ ಬಂದು ನಿಲ್ಲುವ ಹಸುವಿನ ಹಾಗೆ. ಕೋಪ ಯಾರ ಮೇಲೆ ಬಂತೋ ತಿಳಿಯದೆ ಕೇಳಿದಳು, “ಎಲ್ಲಾನೂ ತಂದುಕೊಡ್ತೀಯ. ಇದನ್ನ ಯಾಕೆ ಕೊಡಲಿಲ್ಲ?”

“ನಿಂಗೆ ತಿಳಿ ಬಣ್ಣ ತಾನೇ ಇಷ್ಟ?”

“ನಂಗಾ? ನಿಂಗೆ ಇಷ್ಟ ಅಂತ ನಾನು ಹಾಕ್ಕೋತಿದ್ದೆ!”

“ನಂಗೆಲ್ಲಿ ಇಷ್ಟವೇ? ಮೂರು ಸಲ ಹಾಕ್ಕೊಂಡ್ರೆ ಮಾಸಿಹೋಗ್ತವೆ ಮುಂಡೇವು.” ಅಕ್ಕ ಚೀಲವನ್ನು ನೆಲಕ್ಕಿಟ್ಟಳು. “ತಗೊಳ್ಳೋವಾಗಲೇ ಯೋಚನೆ ಮಾಡ್ತೀನಿ, ಆಮೇಲೆ ಇದು ನಿಂಗೆ ಹೋಗಬೇಕಲ್ಲ, ನಿಂಗೆ ಒಪ್ಪುತ್ತಾ ಅಂತ. ಚಿಕ್ಕೋಳಿದ್ದಾಗ ನನ್ನ ನೀಲಿ ಲಂಗ ಬೇಕು ಅಂತ ನೆಲಕ್ಕೆ ಬಿದ್ದು ಅತ್ತಿದ್ದೆಯಲ್ಲ, ಅವತ್ತಿಂದ.”

“ಅದು ನಿಂದು ಅಂತ ಅತ್ತಿದ್ದು. ನೀಲಿ ಅಂತ ಅಲ್ಲ.”

ಒಳಗೆ ಗಂಡ ಗಂಟಲು ಕೆರೆದುಕೊಂಡದ್ದು ಕೇಳಿಸಿತು, ಆದರೆ ಅವನು ಹೊರಗೆ ಬರುವ ಧೈರ್ಯ ಮಾಡಲಿಲ್ಲ.

“ಹಾಗಾದ್ರೆ ಇದು?” ಅವಳು ಮೈಮೇಲಿನ ಅಂಗಿಯ ಕಾಲರು ಮುಟ್ಟಿ ಕೇಳಿದಳು.

“ಇದೊಂದೇ ನಿನ್ನ ಯೋಚನೆ ಮಾಡದೆ ತಗೊಂಡಿದ್ದು. ಅಂಗಡಿ ಗಾಜಿನಲ್ಲಿ ಕಂಡಿತು, ಹೋಗಿ ತಂದೆ.” ಅಕ್ಕನ ದನಿ ಸಣ್ಣಗಾಯಿತು. “ಒಂದು ದಿನ ಹಾಕ್ಕೊಂಡೆ. ನಿಮ್ಮ ಭಾವ ಏನೂ ಹೇಳಲಿಲ್ಲ, ಸುಮ್ಮನೆ ನೋಡಿದ್ರು. ಆಮೇಲೆ ಬೀರುವಿನಲ್ಲೇ ಇತ್ತು. ತೆಗೆಯೋದು, ಇಡೋದು. ಕೊನೆಗೆ ಕಣ್ಣೆದುರಿಗೆ ಬೇಡ ಅಂತ ಕೊಟ್ಟೆ. ನಿಂಗೆ ಕೊಟ್ಟಿದ್ರೆ ಮತ್ತೆ ಕಣ್ಣೆದುರಿಗೇ ಇರ್ತಿತ್ತಲ್ಲ.”

ತಾನು ಆರಿಸಿಕೊಂಡದ್ದು ಅಕ್ಕನ ಅಂಗಿ ನಿಜ, ಆದರೆ ಅಕ್ಕನ ಬಟ್ಟೆಗಳಲ್ಲಿ ಅಕ್ಕನದಾಗಿದ್ದದ್ದು ಇದೊಂದೇ. ಉಳಿದವೆಲ್ಲ ತನ್ನವು ಎಂದಾಯಿತು, ತನಗೆ ಬೇಡದಿದ್ದ ತನ್ನವು. ಯೋಚಿಸಿದಷ್ಟೂ ದಾರದುಂಡೆ ಇನ್ನಷ್ಟು ಗಂಟಾಯಿತು. ಅವಳು ಒಳಗೆ ಹೋಗಿ ಅಂಗಿ ಬಿಚ್ಚಿ, ಮಡಿಸದೆ ಹಾಗೆಯೇ ತಂದು ಅಕ್ಕನ ಕೈಗೆ ಕೊಟ್ಟಳು.

“ಹಾಕ್ಕೋ. ನೋಡ್ತೀನಿ.”

“ಹುಚ್ಚಾ ನಿಂಗೆ?”

“ಹಾಕ್ಕೋ ಅಕ್ಕ.”

ಅಕ್ಕ ಹಾಕಿಕೊಂಡು ಬಂದು ಕಿಟಕಿಯ ಬೆಳಕಿಗೆ ನಿಂತಳು. ಭುಜ ಸರಿಯಾಗಿ ಕೂತಿತ್ತು, ಉದ್ದ ಸರಿಯಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡಿದ್ದಳು, ಶಾಲೆಯ ಫೋಟೋದಲ್ಲಿ ನಿಂತವಳ ಹಾಗೆ.

“ಹೇಳೇ. ದಿನಾ ಊರವರ ಮುಖಾನೆಲ್ಲ ಅಳೆಯೋಳು ನೀನು. ಒಪ್ಪುತ್ತಾ ನಂಗೆ?”

ಅವಳು ನೋಡಿದಳು. ಗಿರಾಕಿಯಾದರೆ ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತಿದ್ದಳು. ಎಡಕ್ಕೆ ಬಂದು ನೋಡಿದಳು, ಬಲಕ್ಕೆ ಬಂದು ನೋಡಿದಳು. ಅಕ್ಕನ ಮುಖದಲ್ಲಿ ಒಮ್ಮೆ ತನ್ನದೇ ಮುಖ ಕಂಡಿತು, ಒಮ್ಮೆ ಯಾರೋ ಗುರುತಿಲ್ಲದ ಹೆಂಗಸು ಕಂಡಳು. ಆ ಹೆಂಗಸನ್ನು ಮಾತಾಡಿಸಬೇಕು ಅನ್ನಿಸಿತು.

“ಗೊತ್ತಾಗ್ತಿಲ್ಲ ಅಕ್ಕ.”

“ನಂಗೂ” ಅಂದಳು ಅಕ್ಕ. ಇಬ್ಬರಿಗೂ ನಗು ಬಂತು. ನಗು ಮುಗಿದ ಮೇಲೂ ಅಕ್ಕ ಬೇಗ ಬಿಚ್ಚಲಿಲ್ಲ. ಅದೇ ಅಂಗಿಯಲ್ಲಿ ಊಟ ಮಾಡಿದಳು, ಅದೇ ಅಂಗಿಯಲ್ಲಿ ಪಾತ್ರೆ ಒರೆಸಿಕೊಟ್ಟಳು, ಸಂಜೆಯವರೆಗೂ ಹೊರಡುವ ಮಾತೆತ್ತಲಿಲ್ಲ. ಕೇಳಿದರೆ ಕೊಟ್ಟುಬಿಡಬೇಕೋ ಬೇಡವೋ ಎಂದು ಅವಳು ಎರಡು ಮನಸ್ಸಿನಲ್ಲಿ ಕಾದಳು. ಬಿಸಿಲು ಇಳಿದಾಗ ಅಕ್ಕ ಕೋಣೆಗೆ ಹೋಗಿ ತನ್ನ ತಿಳಿಹಸಿರಿನಲ್ಲಿ ಹೊರಬಂದು ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದಳು.

“ನಾಳೆ ನಿಂಗೆ ಬೇಕು. ಮುಂದಿನ ಭಾನುವಾರ ನಂಗೆ.”

“ಆವಾಗಲೂ ಭಾವ ಸುಮ್ಮನೆ ನೋಡಿದ್ರೆ?”

“ನೋಡ್ಲಿ. ಕಣ್ಣಿರೋದ್ಯಾಕೆ?” ಅಂದು, ಮೆಟ್ಟಿಲಿಳಿಯುತ್ತ ಕೂಗಿದಳು, “ಉದ್ದ ಕತ್ತರಿಸಿಗಿತ್ತರಿಸೀಯ, ಹುಷಾರು!”

ಸೋಮವಾರ ಬಸ್ಸು ತಡವಾಯಿತು. ನಿಲ್ದಾಣದಲ್ಲಿ ನಿಂತವಳಿಗೆ ತೋಳು ಮತ್ತೆ ಮತ್ತೆ ಬೆರಳಿನ ಮೇಲೆ ಜಾರಿ ಬರುತ್ತಿತ್ತು. ಅಕ್ಕನ ಯಾವ ಬಟ್ಟೆಯ ತೋಳನ್ನೂ ಅವಳು ಇದುವರೆಗೆ ಮಡಿಸಿರಲಿಲ್ಲ. ಎಂದಾದರೂ ತಿರುಗಿ ಕೊಡಬೇಕಾದೀತು ಎಂಬಂತೆ, ಗೆರೆ ಬೀಳದ ಹಾಗೆ ತೊಟ್ಟು ಗೆರೆ ಬೀಳದ ಹಾಗೆ ಬಿಚ್ಚಿಟ್ಟಿದ್ದಳು. ಇದನ್ನು ಮಾತ್ರ ನಿಜಕ್ಕೂ ಮುಂದಿನ ಭಾನುವಾರ ತಿರುಗಿ ಕೊಡುವುದಿತ್ತು. ಆದರೂ ಅವಳು ಬಲದ ತೋಳನ್ನು ಒಂದು ಸುತ್ತು ಮಡಿಸಿದಳು, ಇನ್ನೊಂದು ಸುತ್ತು, ಮತ್ತೊಂದು, ಮೊಣಕೈಯವರೆಗೆ. ಆಮೇಲೆ ಎಡದ್ದು.

ಮಣಿಕಟ್ಟಿನ ಬಳಿ ಮೈಬಣ್ಣ ಗೆರೆ ಎಳೆದಂತೆ ಬದಲಾಗಿತ್ತು. ಹಸ್ತ ಕಪ್ಪಗೆ, ಒರಟಾಗಿ, ಗುರುತಿನದಾಗಿತ್ತು. ಅಲ್ಲಿಂದ ಮೇಲೆ ವರ್ಷಗಳಿಂದ ಬಿಸಿಲು ಕಾಣದ ತೋಳು, ಮೆತ್ತಗೆ, ಯಾರದೋ ಎಂಬಂತೆ. ಅವಳು ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿದಳು. ಎದುರಿನ ಕಟ್ಟಡದ ಸಂದಿಯಿಂದ ಬಿಸಿಲು ಬಂದು ತೋಳಿನ ಸಣ್ಣ ಕೂದಲುಗಳ ಮೇಲೆ ಬಿತ್ತು. ಪಕ್ಕದಲ್ಲಿ ನಿಂತಿದ್ದವರು ಬಸ್ಸು ಬಂತೆಂದು ಮುಂದೆ ನುಗ್ಗಿದರು. ಅವಳು ಇನ್ನೊಂದು ಗಳಿಗೆ ಹಾಗೆಯೇ ನಿಂತಿದ್ದಳು.