ಕತ್ತರಿಯೆದುರು ಪೆಲುಕೋನ

ನಮ್ಮ ಪೊಪಾಯಾನ್ ಊರಿನ ನಾಣ್ಯಕೂಟದಲ್ಲಿ ಒಂದು ಕ್ರೂರ ನಿಯಮವಿದೆ. ಮೇಜಿನ ಮೇಲಿಟ್ಟ ಚಿನ್ನವನ್ನು ಕೂಟ ಖೋಟಾ ಎಂದು ತೀರ್ಮಾನಿಸಿದರೆ ಅಲ್ಲೇ, ಎಲ್ಲರ ಕಣ್ಣೆದುರಿಗೇ ಅದನ್ನು ಎರಡು ತುಂಡು ಮಾಡುತ್ತಾರೆ. ಮತ್ತೊಬ್ಬರಿಗೆ ಮೋಸವಾಗಬಾರದಲ್ಲ! ಧೈರ್ಯವಿಲ್ಲದವರು ಮೇಜಿಗೆ ತರಲೇಬಾರದು. ನಾನು ತಂದೆ. ಜಂಬ ನೋಡಿ, ನನ್ನದು.

ಆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಎಂದಿನಂತೆ ಕಾಫಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದ್ದೆವು. ಕರಿದ ಬಿಸಿ ಕಡುಬಿನಂಥ ಎಂಪನಾಡ, ಶೇಂಗಾ ಚಟ್ನಿ, ಕಪ್ಪು ಕಾಫಿ. ನಾನಿಟ್ಟದ್ದು ನಮ್ಮೂರಿನ ಹಳೆಯ ಟಂಕಸಾಲೆಯ ಚಿನ್ನದ ನಾಣ್ಯ, ಪೆಲುಕೋನ. ಒಂದು ಮುಖದಲ್ಲಿ ದೊಡ್ಡ ಕೃತಕ ಕೂದಲು ಹೊತ್ತ ಸ್ಪೇನಿನ ರಾಜ, ಇನ್ನೊಂದರಲ್ಲಿ ಕಿರೀಟದ ಕೆಳಗೆ ಗುರಾಣಿ. ಇದೊಂದಕ್ಕಾಗಿ ನನ್ನ ಬೆಳ್ಳಿ ನಾಣ್ಯಗಳನ್ನೆಲ್ಲ ಕೊಟ್ಟು ಬರಿಗೈಯಾಗಿದ್ದೆ. ಗುರಾಣಿಯ ಪಕ್ಕದ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಒಂದು ಉಬ್ಬು ಗೆರೆ, ಡೊಂಕಾಗಿ ಇಳಿದಿತ್ತು. ಯಾವ ಪುಸ್ತಕದಲ್ಲೂ ಇಲ್ಲದ್ದು. ಅಚ್ಚಿನ ಹೊಸ ಬಗೆಯೊಂದು ಸಿಕ್ಕಿತೆಂದು ಮನೆಯಲ್ಲಿ ಕುಣಿದಾಡಿದ್ದೆ.

ದೊನ್ ಎಲಿಯೆಸೆರ್ ಭೂತಗನ್ನಡಿ ಹಿಡಿದು ಬಗ್ಗಿದ. ಕನ್ನಡಿಗಿಂತ ಮೊದಲು ಆತನ ಮೂಗು ನಾಣ್ಯವನ್ನು ಮುಟ್ಟುತ್ತದೆ, ಅಷ್ಟು ದೊಡ್ಡದು. ನನ್ನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತವನು ಆತ. ಹಾಗಾಗಿ ಆತ ನನಗೆ ಕೊಂಪಾದ್ರೆ, ನಾನು ಆತನಿಗೆ ಕೊಮಾದ್ರೆ. ಬೀಗರಿಗಿಂತ ಹತ್ತಿರದ ನಂಟು.

"ಕೊಮಾದ್ರೆ, ಇದೂ ನನಗೆ ಟೋಪಿ ಹಾಕಿದ ಅದೇ ಕಳ್ಳನ ಕೆಲಸ ಕಣ್ರೀ," ಎಂದ. "ನನ್ನದರಲ್ಲೂ ಇದೇ ಗೆರೆ ಇತ್ತು. ಮಗುಚಿದ್ರೆ ಗುರಾಣಿನೂ ಹೀಗೇ ವಾಲಿತ್ತು. ಎರಕ ಹೊಯ್ದು ಮಾಡಿದ್ರೆ ತಾನೇ ಎರಡರಲ್ಲೂ ಒಂದೇ ಗಾಯ ಬರೋದು?"

ಹೋದ ವರ್ಷ ಆತ ತನ್ನ ಪೆಲುಕೋನವನ್ನು ತಾನೇ ಖೋಟಾ ಎಂದು ಸಾರಿ, ತನ್ನ ಕೈಯಾರೆ ಕತ್ತರಿಸಿದ್ದ. ಆ ತುಂಡುಗಳನ್ನು ಚರ್ಮದ ಚೀಲದಲ್ಲಿ ಹಾಕಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾನೆ, ಬಿಚ್ಚಿ ಮಾತ್ರ ನೋಡುವುದಿಲ್ಲ. ಅಂಥವನಿಗೆ ಎದುರಾಡುವವರು ಯಾರು? ಅಕ್ಕಸಾಲಿಗ ಅಬೆಲಾರ್ದೊ ಕತ್ತರಿ ತೆಗೆದ. ನಾನು ನಾಣ್ಯದ ಮೇಲೆ ಅಂಗೈ ಮುಚ್ಚಿದೆ.

"ಕೆಳಗಿಡಿ ಅದನ್ನ! ಎಂಪನಾಡದ ಜಿಡ್ಡು ಕೈಯಲ್ಲಿ ನನ್ನ ಚಿನ್ನ ಮುಟ್ಟಿದ್ರೆ ನೋಡಿ ಮತ್ತೆ."

"ನಿಯಮ ಅಂದ್ರೆ ನಿಯಮ, ದೊನ್ಯಾ ರೊಸಾವುರಾ. ಕೈ ಬೇಕಾದ್ರೆ ತೊಳ್ಕೊಂಡು ಬರ್ತೀನಿ."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಚ್ಚುಗಳು ಕಚ್ಚಿಕೊಂಡಿರಬಹುದಲ್ಲ?" ಎಂದೆ. ಟಂಕಸಾಲೆಯಲ್ಲಿ ನಡುವೆ ಚಿನ್ನದ ಬಿಲ್ಲೆ ಇಡಲು ಮರೆತು ಯಂತ್ರ ತಿರುಗಿಸಿದರೆ ಎರಡು ಅಚ್ಚುಗಳೂ ಒಂದನ್ನೊಂದು ಕಚ್ಚುತ್ತವೆ. ರಾಜನ ಮುಖದ ಅಂಚು ಗುರಾಣಿಯ ಅಚ್ಚಿನ ಮೇಲೆ ಮೂಡಿಬಿಡುತ್ತದೆ. ಆಮೇಲೆ ಒತ್ತಿದ ನಾಣ್ಯಗಳಿಗೆಲ್ಲ ಆ ಗೆರೆ ಬರುತ್ತದೆ.

"ಅದನ್ನ ನೋಡದೆ ಬಿಟ್ಟಿದ್ದೀನಾ?" ಎಂದ ಕೊಂಪಾದ್ರೆ. "ನನ್ನದರ ಎರಡು ಮುಖದ ಫೋಟೋ ಮೇಲೆ ಫೋಟೋ ಇಟ್ಟು ನೋಡಿದೆ. ಗೆರೆ ರಾಜನ ಕೆನ್ನೆ ಮೇಲೆ ಬೀಳುತ್ತೆ. ಕೆನ್ನೇಲಿ ಎಂಥ ಗೆರೆ?"

"ಫೋಟೋದಲ್ಲಿ ಗುರಾಣಿ ವಾಲಿತ್ತಾ, ನೆಟ್ಟಗಿತ್ತಾ?"

"ನೆಟ್ಟಗೆ ಮಾಡ್ಕೊಂಡೇ ತಾನೇ ನೋಡೋದು."

ಸಿಕ್ಕಿತು! ನಾವೆಲ್ಲ ಮಾಡುವುದೇ ಅದು. ನಾಣ್ಯದ ಹುಚ್ಚು ಹಿಡಿದವರು ಎರಡು ಮುಖದ ಫೋಟೋಗಳನ್ನೂ ನೆಟ್ಟಗೆ ನಿಲ್ಲಿಸಿಕೊಂಡೇ ಹೋಲಿಸುತ್ತೇವೆ. ಗುರಾಣಿಯ ಅಚ್ಚನ್ನು ಓರೆಯಾಗಿ ಕೂರಿಸಿದ್ದರೆ ಆ ಓರೆಯನ್ನು ನಾವೇ ಅಳಿಸಿಹಾಕಿದಂತಾಯಿತಲ್ಲ?

ಬಿಸ್ಕೆಟ್ ಡಬ್ಬಿಯೊಳಗಿನ ತೆಳು ಕಾಗದ ಕಿತ್ತು, ಮಡಿಸಿ, ನಡುವೆ ನಾಣ್ಯವಿಟ್ಟೆ. ಅಲುಗದಂತೆ ಹಿಡಿದು ಎರಡೂ ಕಡೆ ಪೆನ್ಸಿಲ್ ಉಜ್ಜಿದೆ. ಆಮೇಲೆ ನಾಣ್ಯವನ್ನು ಮೆಲ್ಲಗೆ ಜಾರಿಸಿ, ಮಡಿಕೆ ಬಿಚ್ಚದೆ ಕಾಗದವನ್ನು ಕಿಟಕಿಗೆ ಹಿಡಿದೆ. ಬಿಸಿಲಿನಲ್ಲಿ ರಾಜನೂ ಗುರಾಣಿಯೂ ಒಂದರ ಮೇಲೊಂದು ಕಂಡವು. ಆ ಡೊಂಕು ಗೆರೆ ರಾಜನ ಹಣೆಯಿಂದಿಳಿದು ಮೂಗಿನ ತುದಿಯವರೆಗೆ ಒಂದಿಷ್ಟೂ ತಪ್ಪದೆ ಕೂತಿತ್ತು.

"ಅಮ್ಮಮ್ಮಾ, ಮೂಗು!" ಎಂದ ಅಬೆಲಾರ್ದೊ.

ನನಗೆ ಕಿರುಚಬೇಕೆನಿಸಿತು. ಆದರೆ ಕೊಂಪಾದ್ರೆ ಜಗ್ಗಲಿಲ್ಲ. "ಅಸಲಿ ನಾಣ್ಯದಿಂದಲೇ ಎರಕ ತೆಗೆದಿರಬಹುದಲ್ಲ? ಎರಡೂ ಒಂದೇ ಥರ ಇವೆಯಲ್ಲ?"

"ಒಂದೇ ಥರ ಇವೆಯಾ? ಪಕ್ಕದಲ್ಲಿಟ್ಟು ನೋಡಿದ್ದೀರಾ? ತೆಗೀರಿ ಆ ಚೀಲ."

ಆತನ ಕೈ ಜೇಬಿನ ಮೇಲೆಯೇ ನಿಂತಿತು. ನಾನು ಗೆದ್ದರೆ ಆತ ತನ್ನ ಕೈಯಾರೆ ಕತ್ತರಿಸಿದ್ದು ಅಸಲಿ ಚಿನ್ನವೆಂದಾಗುತ್ತದೆ. ಕೊಡುವುದಿಲ್ಲ ಎಂದಿದ್ದರೆ ಕೇಳುವವರೇ ಇರಲಿಲ್ಲ, ನನ್ನ ಪೆಲುಕೋನ ಕತ್ತರಿಯ ಪಾಲಾಗುತ್ತಿತ್ತು. ಆತ ಚೀಲ ಬಿಚ್ಚಿದ. ಎರಡು ತುಂಡುಗಳನ್ನು ಜೋಡಿಸಿ ನನ್ನ ನಾಣ್ಯದ ಪಕ್ಕಕ್ಕಿಟ್ಟು, ಯಾರಿಗೂ ಕೊಡದೆ ತಾನೇ ಭೂತಗನ್ನಡಿ ಹಿಡಿದ. ಬಹಳ ಹೊತ್ತು ನೋಡಿದ.

"ನನ್ನದರಲ್ಲಿ ಮೂಗಿನ ತುದಿಯಿಂದ ಅಂಚಿನವರೆಗೆ ಅಚ್ಚಿನ ಬಿರುಕು ಸಣ್ಣ ಉಬ್ಬಾಗಿ ಓಡಿದೆ," ಎಂದ. "ಕೊಮಾದ್ರೆಯವರದ್ರಲ್ಲಿ ಇಲ್ಲ. ಒತ್ತಿ ಒತ್ತಿ ಅಚ್ಚು ಬಿರುಕು ಬಿಟ್ಟಿದೆ ಕಣ್ರಪ್ಪಾ. ಎರಕದ ನಕಲಿನಲ್ಲಿ ಹಿಂಗೆ ಬಿರುಕು ಬೆಳೀತಾ ಹೋಗಲ್ಲ. ಉಕ್ಕಿನ ಅಚ್ಚು ಮಾತ್ರ ಬಿರುಕು ಬಿಡೋದು. ಅವರದ್ದು ಮೊದಲು ಒತ್ತಿದ್ದು, ನನ್ನದು ಆಮೇಲೆ. ಎರಡೂ ಅಸಲಿ."

ಕೋಣೆಯಲ್ಲಿ ಚಪ್ಪಾಳೆ ಎದ್ದಿತು. ಅಬೆಲಾರ್ದೊ ಕತ್ತರಿಯನ್ನು ಕುರ್ಚಿಯ ಕೆಳಗೆ ತಳ್ಳಿದ. ನಾನು ಗೆದ್ದಿದ್ದೆ, ಮುಚ್ಚುಮರೆ ಯಾಕೆ, ಖುಷಿಯಿಂದ ಕಣ್ಣು ತುಂಬಿತ್ತು. ತುಂಡುಗಳನ್ನು ಒತ್ತಿ ಹಿಡಿದು ಕೂತ ಆ ಮನುಷ್ಯನನ್ನು ನೋಡಿದಾಗ ಇನ್ನಷ್ಟು ತುಂಬಿತು. ನನ್ನ ನಾಣ್ಯವನ್ನು ಕತ್ತರಿಗೆ ಕೊಡಲು ಆತನ ಒಂದು ಸುಳ್ಳು ಸಾಕಿತ್ತು, ಹೇಳಲಿಲ್ಲ.

ಹೊಸ ಬಗೆಗೆ ಹೆಸರಿಡುವ ಹಕ್ಕು ಹುಡುಕಿದವರದ್ದು. "ದೊನ್ಯಾ ರೊಸಾವುರಾ ಅಂತಲೇ ಬರ್ಕೊಳ್ಳೋಣವಾ?" ಎಂದು ಅಬೆಲಾರ್ದೊ ಕೇಳಿದ.

"ಬೇಡ. 'ಕೊಂಪಾದ್ರೆಯ ಮೂಗು' ಅಂತ ಬರ್ಕೊಳ್ಳಿ."

ಮೇಜು ಗುದ್ದಿ ಗುದ್ದಿ ನಕ್ಕರು. ಎಲಿಯೆಸೆರ್ ಮೂಗು ಮುಟ್ಟಿಕೊಂಡ, ಆಮೇಲೆ ತಾನೂ ನಕ್ಕ.

"ನಾನು ಸಾಯೋವರೆಗೂ ನೀವು ಇದನ್ನ ಬಿಡಲ್ಲ ಅಲ್ವಾ, ಕೊಮಾದ್ರೆ?"

"ಸತ್ತ ಮೇಲೂ ಬಿಡಲ್ಲ," ಎಂದೆ. "ಈಗ ಆ ತುಂಡುಗಳನ್ನ ನನ್ನ ನಾಣ್ಯದ ಜೊತೆಗೇ ಇಡೋಣ, ಕೊಡಿ."