ಕಾಸರಕನ ಕೊಂಬೆ

ವಾರಿಜಾಳಿಗೆ ಸಂಶಯವೆಂದರೆ ಉಪ್ಪಿನಕಾಯಿಯ ಹಾಗೆ. ಅದಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಮೀನಿನವಳು ನಿನ್ನೆಯ ಬಂಗುಡೆ ತರುತ್ತಾಳೆ, ಹಿರಿಯಡ್ಕದ ಅಂಗಡಿಯವನ ತಕ್ಕಡಿ ಸರಿಯಿಲ್ಲ, ಹೀಗೆ ದಿನಕ್ಕೊಂದು. ಆದರೆ ಈ ಸಲದ ಸಂಶಯಕ್ಕೆ ಸಾಕ್ಷಿಯೂ ಇತ್ತು.

ಮಳೆಗಾಲದ ಆಟಿ ತಿಂಗಳಲ್ಲಿ ಅವಳು ಗದ್ದೆಯಲ್ಲಿ ಕಾಸರಕನೆಂಬ ಕಹಿಮರದ ಕೊಂಬೆ ಊರಿದ್ದಳು. ಬೆಳೆಗೆ ದೃಷ್ಟಿ ತಾಗದಿರಲಿ, ಹುಳ ಇಲಿಗಳ ಕಾಟ ತಪ್ಪಲಿ ಎಂದು ಹಿರಿಯರು ಮಾಡಿಕೊಂಡು ಬಂದ ಕ್ರಮ ಅದು. ಪಕ್ಕದ ಗದ್ದೆಯ ಶೀನಣ್ಣ ಜ್ವರ ಹಿಡಿದು ಮಲಗಿದ್ದರಿಂದ ಆ ವರ್ಷ ಊರಿರಲಿಲ್ಲ. ಈಗ ತೆನೆ ಕಟ್ಟುವ ಹೊತ್ತಿಗೆ ವಾರಿಜಾಳ ಕೊಂಬೆ ದಿನಾ ಬೆಳಿಗ್ಗೆ ಶೀನಣ್ಣನ ಬದುವಿನಲ್ಲಿ ನಿಂತಿರುತ್ತಿತ್ತು. ಅವಳು ಕಿತ್ತು ತಂದು ತನ್ನ ಗದ್ದೆಯಲ್ಲಿ ಊರಬೇಕು, ಮರುದಿನ ಅದು ಮತ್ತೆ ಅಲ್ಲೇ. ಅವಳ ಪೈರಿನ ಬುಡವನ್ನು ಇಲಿ ಕಡಿದು ಚಾಪೆ ಹಾಸಿತ್ತು. ಅವನ ಗದ್ದೆಯಲ್ಲಿ ಒಂದು ಪೈರೂ ನೆಲಕ್ಕೆ ಬಿದ್ದಿರಲಿಲ್ಲ.

ಇದರ ನಡುವೆ ಶೀನಣ್ಣನ ಹೆಂಡತಿ ಗುಣವತಿ ಒಂದು ಬುಟ್ಟಿ ಮುಳ್ಳುಸೌತೆ ತಂದುಕೊಟ್ಟಳು. 'ಕಳ್ಳನ ಮನಸ್ಸು ಹುಳ್ಳಹುಳ್ಳಗೆ' ಎಂದುಕೊಂಡ ವಾರಿಜಾ ಅಷ್ಟನ್ನೂ ದನಕ್ಕೆ ಹಾಕಿದಳು. ದನಕ್ಕೆ ಏನೂ ಆಗಲಿಲ್ಲ. ಅದೂ ಅವಳಿಗೆ ಸಂಶಯವೇ.

ಆ ಮನೆಯವರೊಡನೆ ಮಾತು ಬಿಟ್ಟಾಯಿತು. ಸಂಕ್ರಮಣಕ್ಕೆ ದೈವದ ಗುಡಿಯಲ್ಲಿ ಕಾಯಿ ಇಟ್ಟು ಶೀನಣ್ಣನ ಹೆಸರು ಹೇಳಿ ದೂರುವುದೆಂದು ನಿಶ್ಚಯಿಸಿದಳು. ದೈವದ ಮುಂದೆ ಹೆಸರು ಬಿದ್ದರೆ ಎರಡು ಮನೆಗಳ ನಡುವಿನ ಹೋಗುಬರುವು, ನೀರು ಬಳಕೆ ಎಲ್ಲವೂ ಮುಗಿದಂತೆ. ಅದು ಗೊತ್ತಿದ್ದೇ ಕಾಯಿ ಸುಲಿದಿಟ್ಟಳು. ಆದರೂ ಕಣ್ಣಾರೆ ಕಂಡೇ ಹೇಳೋಣವೆಂದು ಸಂಕ್ರಮಣದ ಹಿಂದಿನ ಸಂಜೆ ಪಂಪಿನ ಕೊಟ್ಟಿಗೆಯ ಮರೆಯಲ್ಲಿ ಕುಳಿತಳು.

ಸೂರ್ಯ ಇಳಿಯುವಾಗ ಗದ್ದೆಗಿಳಿದದ್ದು ಶೀನಣ್ಣನಲ್ಲ, ಜಿತೇಂದ್ರ. ಗೂಬೆಯ ಫೋಟೋ ತೆಗೆಯಲು ಮಣಿಪಾಲದಿಂದ ಬರುವ ಹುಡುಗ. ಅವಳ ಕೈಯ ಚಹಾ ಹೊಗಳಿದವನು, ಹಾಗಾಗಿ ಲೋಕದಲ್ಲಿ ಅವಳು ಸಂಶಯಪಡದ ಒಬ್ಬನೇ ಒಬ್ಬ. ಅವನು ಕೊಂಬೆಯನ್ನು ಕಿತ್ತು, ಶೀನಣ್ಣನ ಬದುವಿಗೆ ಒಯ್ದು, ಕಣ್ಣು ಕಿರಿದು ಮಾಡಿ ನೋಡಿ ಊರಿದ.

"ಎಂತ ಮಾಡ್ತಾ ಇದ್ದೀರಿ ನೀವು?"

ಜಿತೇಂದ್ರ ಬೆಚ್ಚಿದ. "ಅಕ್ಕಾ, ಮೆಲ್ಲ! ಗೂಬೆ ಬರುವ ಹೊತ್ತು. ನಿಮ್ಮ ಗದ್ದೆಯಲ್ಲಿ ಹಿಂದೆ ಕರೆಂಟಿನ ಕಂಬ ಕಾಣ್ತದೆ. ಇಲ್ಲಿಟ್ಟರೆ ಹಿಂದೆ ಬರೀ ಹಸಿರು. ಇಂಥ ಒಣಕೊಂಬೆ ಕಂಡರೆ ಅದು ತಾನಾಗಿ ಬಂದು ಕೂತ್ಕೊಳ್ತದೆ, ಇಲಿ ಹಿಡೀಲಿಕ್ಕೆ ಒಳ್ಳೇ ಜಾಗ ಅಲ್ವಾ? ಬೆಳಿಗ್ಗೆ ನೀವು ತಿರುಗಿ ಒಯ್ತೀರಿ, ಹಾಗಾಗಿ ಅಡ್ಡಿ ಇಲ್ಲ ಅಂತ ಗ್ರಹಿಸಿದೆ."

ಕ್ಯಾಮೆರಾದ ಪರದೆಯಲ್ಲಿ ಅವನು ಹಿಂದಿನ ರಾತ್ರಿಯ ಫೋಟೋ ತೋರಿಸಿದ. ಅವಳ ಕಾಸರಕನ ಕೊಂಬೆಯ ಮೇಲೆ ಗೂಬೆ, ಬಾಯಲ್ಲಿ ಇಲಿ. ಅವಳ ಗದ್ದೆಯ ಇಲಿಗಳು ಯಾಕೆ ಉಳಿದವು, ಶೀನಣ್ಣನ ಗದ್ದೆಯವು ಯಾಕೆ ಖಾಲಿಯಾದವು ಎಂದು ವಾರಿಜಾಳಿಗೆ ಆಗ ಅರ್ಥವಾಯಿತು. ಜಿತೇಂದ್ರನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ.

ಮಾತು ಕೇಳಿ ಶೀನಣ್ಣ ಟಾರ್ಚು ಹಿಡಿದು ಬಂದ. ಜಿತೇಂದ್ರ ಎಲ್ಲವನ್ನೂ ಅವನಿಗೂ ಹೇಳಿದ. ಶೀನಣ್ಣ ಕೊಂಬೆಯನ್ನೊಮ್ಮೆ, ವಾರಿಜಾಳನ್ನೊಮ್ಮೆ ನೋಡಿದ.

"ಇಡುವವನು ಇವನಾ? ನೀನು ಅಂತ ಗ್ರಹಿಸಿದ್ದೆ ಮಾರಾಯ್ತಿ. ನಾನು ಜ್ವರದಲ್ಲಿ ಕೊಂಬೆ ಊರಲಿಲ್ಲ ನೋಡು, ಹಗಲು ನಿನ್ನ ಗದ್ದೆಗೆ, ರಾತ್ರಿ ನಮ್ಮ ಗದ್ದೆಗೆ ಅಂತ ನೀನೇ ಹಂಚಿದ್ದು ಅಂತ. ಅದಕ್ಕೇ ಗುಣವತಿ ಹತ್ರ ಮುಳ್ಳುಸೌತೆ ಕಳಿಸಿದ್ದು. ಎಳೆಯದಿತ್ತಲ್ವಾ?"

ಕೊಂಬೆಯನ್ನು ಕಿತ್ತುಕೊಳ್ಳಲು ಚಾಚಿದ್ದ ಕೈಯನ್ನು ವಾರಿಜಾ ಹಿಂದಕ್ಕೆಳೆದುಕೊಂಡಳು. "ಇವತ್ತು ಅಲ್ಲೇ ಇರಲಿ" ಎಂದಷ್ಟೇ ಹೇಳಿ ಮನೆಗೆ ನಡೆದಳು.

ಬೆಳಿಗ್ಗೆ ಮಿಂದು, ಸುಲಿದಿಟ್ಟ ಕಾಯಿ ಹಿಡಿದು ಗುಡಿಗೆ ಹೋದಳು. ಯಾರ ಮೇಲೆ ದೂರು, ಹೆಸರು ಹೇಳು ಎಂದರು ಪೂಜೆಯವರು. ವಾರಿಜಾ ತನ್ನ ಹೆಸರನ್ನೇ ಹೇಳಿದಳು.