ಏರೊನ ಪಕ್ಕದ ಜಾಗ

ನಮ್ಮ ಮನೆಯ ಹಳೆಯ ಕಂಪ್ಯೂಟರ್ ಫೆಬ್ರವರಿಯಲ್ಲಿ ಕೆಟ್ಟು ಕೂತಿತು. ನಾನು ಥಂಡರ್ ಬೇ ಊರಿನ ಒಂದು ಶಾಲೆಯಲ್ಲಿ, ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುವವನು. ಪರವಾನಗಿ ಉಳಿಯಬೇಕಾದರೆ ಆನ್‌ಲೈನಿನಲ್ಲಿ ಪಾಠ ಓದಿ ಪರೀಕ್ಷೆ ಬರೆಯಬೇಕಿತ್ತು. ಮನೆಯಲ್ಲಿದ್ದ ಇನ್ನೊಂದೇ ಲ್ಯಾಪ್‌ಟಾಪ್ ಮಗ ಏರೊನದು. ನವೆಂಬರಿನಲ್ಲಿ ನಿಪಿಗನ್ ರಸ್ತೆಯ ಹಿಮದ ಮೇಲೆ ಅವನ ಕಾರು ಜಾರಿ ಲಾರಿಗೆ ಬಡಿದಿತ್ತು. ಅವನು ಹೋದ ಮೇಲೂ ಲ್ಯಾಪ್‌ಟಾಪ್ ಅವನ ಕೋಣೆಯಲ್ಲೇ ಇತ್ತು.

“ಅದರಲ್ಲಿರೋದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಸ್ಕೋತೀನಿ” ಎಂದೆ.

ನನ್ನ ಹೆಂಡತಿ ಲೋರ್ನಾ ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. “ಅಳಿಸೋ ಹಾಗಿಲ್ಲ” ಎಂದಳು.

ಅವಳ ತಮ್ಮ ವರ್ನ್ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ. ಶನಿವಾರ ಬೆಳಿಗ್ಗೆ, ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನುಗಳ ಡಬ್ಬಿ ಹಿಡಿದು ಬಂದ.

“ಅಳಿಸೋದ್ಯಾಕೆ ಭಾವ? ಅವನ ವಿಂಡೋಸ್ ಅದರ ಪಾಡಿಗೆ ಇರ್ಲಿ. ಪಕ್ಕದಲ್ಲಿ ನಿನಗೆ ಅಂತ ಲಿನಕ್ಸ್ ಅನ್ನೋ ಇನ್ನೊಂದು ಸಿಸ್ಟಮ್ ಹಾಕ್ತೀನಿ. ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ.”

“ನಂಗೆ ಒಂದೇ ಸರಿಯಾಗಿ ಬರಲ್ಲ.”

“ಅದು ಊರಿಗೇ ಗೊತ್ತು. ಬನ್ ತಿನ್ನು.”

ತಿಂದೆ. ಸಿಹಿ ಎಂದು ತಿಳಿಯಿತು, ಅಷ್ಟೆ. ಆ ಚಳಿಗಾಲವೆಲ್ಲ ದಪ್ಪ ಕೈಗವಸು ಹಾಕಿಕೊಂಡೇ ಎಲ್ಲವನ್ನೂ ಮುಟ್ಟುತ್ತಿದ್ದ ಹಾಗಿತ್ತು.

ವರ್ನ್ ಪೆನ್ ಡ್ರೈವ್ ಸಿಕ್ಕಿಸಿ, ಸ್ವಲ್ಪ ಹೊತ್ತು ನೋಡಿ ತಲೆ ಕೆರೆದುಕೊಂಡ. “ಡಿಸ್ಕಿಗೆ ಬೀಗ ಇದೆ. ಮೊದಲು ಏರೊನ ಕಡೆಯಿಂದ ಒಳಗೆ ಹೋಗಿ ಅದನ್ನ ತೆಗೀಬೇಕು. ಆಮೇಲೆ ಅವನ ಜಾಗ ಒಂಚೂರು ಕಿರಿದು ಮಾಡಬೇಕು. ಪಿನ್ ಗೊತ್ತಾ?”

“ಇಲ್ಲ. ಅಳಿಸಿಬಿಡು ಮಾರಾಯ.”

ಲೋರ್ನಾ ಕೈ ಒರೆಸಿಕೊಂಡು ಬಂದಳು. ತಮ್ಮನ ಹೆಗಲ ಮೇಲಿಂದ ಬಾಗಿ, ಯೋಚಿಸದೆ ಅಂಕಿಗಳನ್ನು ಒತ್ತಿದಳು. ತೆರೆದುಕೊಂಡಿತು. ಪರದೆಯ ಮೇಲೆ ಅರ್ಧ ಆಡಿದ ಚದುರಂಗದ ಮಣೆ.

“ಇದು ಯಾರ ಆಟ ಅಕ್ಕ?” ಎಂದ ವರ್ನ್.

“ಅವನದ್ದು. ನ್ಯೂಫೌಂಡ್‌ಲ್ಯಾಂಡಿನವರು ಯಾರದೋ ಜೊತೆ ಆನ್‌ಲೈನಿನಲ್ಲಿ, ಒಂದೊಂದು ನಡೆಗೆ ದಿನಗಟ್ಟಲೆ ತಗೊಂಡು ಆಡ್ತಿದ್ದ. ಪಿನ್ ಅವನೇ ಯಾವಾಗಲೋ ಹೇಳಿದ್ದ. ಮಣ್ಣಾದ ಮೇಲೆ ತೆಗೆದು ನೋಡ್ದೆ, ಆ ಕಡೆಯವರು ಕಾಯಿ ನಡೆಸಿ ಕಾಯ್ತಾ ಇದ್ರು. ಹಾಗೇ ಬಿಟ್ರೆ ಗಡುವು ದಾಟಿ ಏರೊ ಸೋತ ಅಂತಾಗ್ತಿತ್ತು.”

“ನಿನಗೆ ಚದುರಂಗ ಬರಲ್ವಲ್ಲ” ಎಂದೆ.

“ಕಲೀತಾ ಇದೀನಿ.”

ಮಣೆ ನೋಡಿದೆ. ಮಂತ್ರಿ ಹೋಗಿತ್ತು. ಒಂದು ಕುದುರೆ ಮೂಲೆಯಲ್ಲಿ ಕೆಲಸವಿಲ್ಲದೆ ನಿಂತಿತ್ತು. ಇಷ್ಟು ದಿನ ನನಗೆ ಹೇಳದೆ ಆಡಿದ್ದಳು. ಕೋಪವೋ ಅಳುವೋ ಬರಬಹುದೆಂದು ಕಾದೆ. ಬರಲಿಲ್ಲ.

“ಇದೆಲ್ಲ ಹೋಗ್ಬಿಡುತ್ತಾ?” ಎಂದು ಲೋರ್ನಾ ತಮ್ಮನನ್ನು ಕೇಳಿದಳು.

“ಇಲ್ಲಕ್ಕ. ಆಟ ಇರೋದು ಇದರೊಳಗಲ್ಲ. ಆದ್ರೂ ಅವನ ಫೋಟೊ ಗೀಟೊ ಎಲ್ಲ ಮೊದಲು ನಕಲು ಮಾಡ್ಕೋತೀನಿ.”

ನಕಲು ಮುಗಿಯುವಷ್ಟರಲ್ಲಿ ನಮ್ಮ ಊಟವಾಯಿತು. ವರ್ನ್ ಡಿಸ್ಕಿನ ಬೀಗ ತೆಗೆದು ಕೇಳಿದ: “ನಿನಗೆಷ್ಟು ಜಾಗ ಬೇಕು ಭಾವ?”

“ಎಷ್ಟು ಕಡಿಮೆಯಲ್ಲಿ ಆಗುತ್ತೋ ಅಷ್ಟು.”

ಲಿನಕ್ಸ್ ಬಂದು ಕೂತಿತು. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು ಬಂದವು. ವರ್ನ್ ಎರಡನ್ನೂ ತೆರೆದು ತೋರಿಸಿ, ಉಳಿದ ಬನ್ನುಗಳನ್ನು ಬಿಟ್ಟು ಹೋದ.

ಅಂದಿನಿಂದ ಬೆಳಿಗ್ಗೆ ಲೋರ್ನಾ ಏರೊನ ಕಡೆ ಕೂರುತ್ತಿದ್ದಳು, ಸಂಜೆ ನಾನು ನನ್ನ ಕಡೆ. ಏಪ್ರಿಲಿನಲ್ಲಿ ಅವಳು ಸೋತಳು. ಆಮೇಲೆ ಎದುರಾಳಿಗೆ ಇದ್ದದ್ದನ್ನು ಇದ್ದಂತೆ ಬರೆದಳು. ಉತ್ತರ ಬಂದಾಗ ನನ್ನನ್ನು ಕರೆದಳು.

‘ಆಡುವ ಕೈ ಬದಲಾಗಿದೆ ಎಂದು ಡಿಸೆಂಬರಿನಲ್ಲೇ ಅನಿಸಿತ್ತು. ಕೇಳಲು ಧೈರ್ಯವಾಗಲಿಲ್ಲ. ನಿಮಗೆ ಇಷ್ಟವಿದ್ದರೆ ಇನ್ನೊಂದು ಆಟ ಆಡೋಣ.’

ನಿಂತೇ ಓದಿದೆ.

“ಏನಂತ ಬರೀಲಿ?” ಎಂದಳು.

“ಹೂಂ ಅನ್ನು.”

ಅವಳು ಬರೆದು, ಪದಾತಿಯೊಂದನ್ನು ಮುಂದೆ ತಳ್ಳಿ ಎದ್ದಳು. ನಾನು ಲ್ಯಾಪ್‌ಟಾಪನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ, ಎರಡು ಹೆಸರುಗಳಲ್ಲಿ ನನ್ನದನ್ನು ಆರಿಸಿಕೊಂಡೆ. ಬಾಯ್ಲರಿನ ನೀರಿನ ಮಟ್ಟ ನೋಡುವ ಗಾಜಿನ ಕೊಳವೆಯ ಬಗ್ಗೆ ಪಾಠವಿತ್ತು. ತಲೆಗೆ ಹೋಗಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಓದಿದೆ.